ಒಳಹೊಲಿಗೆಯಲ್ಲಿ ಬಿಟ್ಟ ಬಟ್ಟೆ

ಕಚೇರಿ ಕೆಲಸಕ್ಕೆಂದು ನಾನು ಹೊರದೇಶಕ್ಕೆ ಹೊರಟಿದ್ದೆ. ತನ್ನ ಟೈಲರಮ್ಮನನ್ನು ನಾನು ಹೋಗುವ ಊರಿನಲ್ಲೇ ಇರುವ ಅವರ ತಂಗಿಯ ಬಳಿಗೆ ತಲುಪಿಸುವುದಾಗಿ ನನ್ನ ಹೆಂಡತಿ, ನನ್ನನ್ನು ಕೇಳದೆಯೇ, ಮಾತು ಕೊಟ್ಟುಬಿಟ್ಟಿದ್ದಳು. ಎಪ್ಪತ್ತೆರಡರ ಆ ಹಿರಿಯರನ್ನು ನಾನು ಮೊದಲು ನೋಡಿದ್ದೇ ವಿಮಾನ ನಿಲ್ದಾಣದಲ್ಲಿ.

ತಪಾಸಣೆಗೆಂದು ಬೆಲ್ಟ್ ಬಿಚ್ಚಿದಾಗ ನನ್ನ ಪ್ಯಾಂಟು ಜಾರಿತು.

"ಸೊಂಟ ಎರಡಿಂಚು ಹಿಡೀಬೇಕು," ಎಂದರು ಟೈಲರಮ್ಮ. ನಮ್ಮ ಪರಿಚಯವಾದದ್ದು ಹಾಗೆ.

ದಾರಿಯುದ್ದಕ್ಕೂ ಅವರ ಮಡಿಲಲ್ಲೊಂದು ಉಣ್ಣೆಯ ಕೋಟು. ಇಪ್ಪತ್ತು ವರ್ಷದಿಂದ ನೋಡದ ತಂಗಿಗೆ ಹಳೇ ಅಳತೆಯಲ್ಲೇ ಹೊಲಿದದ್ದು. ಆಗದಿದ್ದರೆ ಏನು ಗತಿ ಎಂಬ ಚಿಂತೆಯಲ್ಲಿ ಊಟವನ್ನೂ ಮುಟ್ಟಲಿಲ್ಲ. ಅವರು ತೋರಿಸಿದ ತಂಗಿಯ ಫೋಟೋ ನೋಡಿ ಧೈರ್ಯ ಹೇಳುವ ಜವಾಬ್ದಾರಿಯನ್ನೂ ನಾನೇ ಹೊತ್ತುಕೊಂಡೆ.

"ಫೋಟೋದಲ್ಲಿ ಸಣ್ಣಗೇ ಇದಾರಲ್ಲಮ್ಮ?"

"ಫೋಟೋದಲ್ಲಿ ಕುತ್ತಿಗೆವರೆಗೆ ಮಾತ್ರ ಇದಾಳಪ್ಪ."

ಇಳಿದು ಹೊರಬಂದಾಗ ತಂಗಿ "ಅಕ್ಕಾ" ಎನ್ನುತ್ತ ತಬ್ಬಿಕೊಂಡರು. ಟೈಲರಮ್ಮನ ಕಣ್ಣಲ್ಲಿ ನೀರು. ಕೈ ಮಾತ್ರ ತಂಗಿಯ ಬೆನ್ನ ಮೇಲೆ ಗೇಣು ಹಾಕಿ ಅಳೆಯುತ್ತಿತ್ತು. ಆಮೇಲೆ ಮುಖ ಅರಳಿತು.

"ಕೋಟಿನ ಒಳಗೆ ಮೂರಿಂಚು ಬಟ್ಟೆ ಬಿಟ್ಟಿದೀನಿ ಕಣೆ. ಹೊಲಿಗೆ ಬಿಚ್ಚಿದ್ರೆ ಸರಿಯಾಗುತ್ತೆ."

ತಂಗಿ ನನ್ನತ್ತ ನೋಡಿದರು. "ಇವರ್ಯಾರು?"

"ಒಬ್ರೇ ಬರ್ತಿದ್ರು, ಪಾಪ. ಜೊತೆಗೆ ಕರ್ಕೊಂಡು ಬಂದೆ," ಎಂದರು ಟೈಲರಮ್ಮ.

ನಾನು ಹೌದೆಂದು ತಲೆಯಾಡಿಸಿದೆ.