ಎಡಗಡೆಯ ಬ್ರೇಕು

ನಮ್ಮ ಹಳೆಯ ಪುಟ್ಟ ಕಾರಿನ ಮುಂಭಾಗದಲ್ಲಿ, ಎಡಗಡೆಯ ಸೀಟಿನೆದುರು ಹಾಸಿರುವ ರಬ್ಬರ್ ಮ್ಯಾಟಿನಲ್ಲಿ ಒಂದು ತೂತಿದೆ. ಚಾಲಕನ ಕಡೆಯ ಮ್ಯಾಟು ಸವೆಯುವುದು ಲೋಕರೂಢಿ. ಪೆಡಲೂ ಇಲ್ಲದ, ಕಾಲಿಗೆ ಕೆಲಸವೂ ಇಲ್ಲದ ಎಡಗಡೆಯದು ಏಕೆ ಸವೆಯಬೇಕೆಂದು ನೀವು ಕೇಳುವಿರಾದರೆ, ನಿಮಗಿನ್ನೂ ಮದುವೆಯಾಗಿಲ್ಲವೆಂದೋ, ಆಗಿದ್ದರೂ ಕಾರಿನ ಭಾಗ್ಯವಿಲ್ಲವೆಂದೋ ನಾನು ಊಹಿಸಬೇಕಾಗುತ್ತದೆ. ಅದು ನನ್ನ ಧರ್ಮಪತ್ನಿ ಸರೋಜಳ ಬಲಗಾಲಿನ ಸಾಧನೆ. ನಾನು ಬ್ರೇಕ್ ಒತ್ತಬೇಕಾದ ಕಡೆಯಲ್ಲೆಲ್ಲ ನನಗಿಂತ ಒಂದು ಫರ್ಲಾಂಗು ಮೊದಲೇ ಅವಳು ಅಲ್ಲಿ ಒತ್ತುತ್ತಾ ಬಂದಿದ್ದಾಳೆ.

ಕಾರು ನನ್ನ ಮಾವನವರದು. ಮರಳವಾಡಿಯ ತೋಟದ ದಾರಿಯಲ್ಲಿ ಸರೋಜ ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಆದರೆ ಮದುವೆಯಾದ ಮೇಲೆ ಅವಳು ಬೀಗದಕೈ ಕೇಳಿದಾಗಲೆಲ್ಲ, "ಇದು ಮುದಿ ಗಾಡಿ, ಇದರ ಬ್ರೇಕಿನ ಮರ್ಜಿ ನನಗೊಬ್ಬನಿಗೇ ಗೊತ್ತು" ಎಂದು ಗಂಭೀರವಾಗಿ ನುಡಿದು ನಾನೇ ಚಾಲಕಪೀಠವನ್ನು ಅಲಂಕರಿಸುತ್ತಿದ್ದೆ. ಮಾತು ಪೂರ್ತಿ ಸುಳ್ಳಲ್ಲ. ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು. ಪೆಡಲ್ ತುಳಿಯುವುದೆಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದಂತೆ. ಸ್ವೀಕಾರವಾಗುತ್ತಿತ್ತು, ಪರಿಶೀಲನೆಯಾಗುತ್ತಿತ್ತು, ಯಥಾವಕಾಶ ಕ್ರಮವೂ ಜರುಗುತ್ತಿತ್ತು.

ಹೀಗಿರಲಾಗಿ ಒಂದು ಮಧ್ಯಾಹ್ನ ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಕುರಿಮಂದೆಯೊಂದು ಅಡ್ಡ ಬಂತು. ನಾನೂ ಒತ್ತಿದೆ, ಅವಳೂ ಒತ್ತಿದಳು, ಕಾರು ಇಬ್ಬರ ಅರ್ಜಿಯನ್ನೂ ಬದಿಗಿಟ್ಟು ಮುಂದುವರಿಯಿತು. ಕುರಿಗಳು ತಮ್ಮ ಪುಣ್ಯದಿಂದ ಬದುಕಿಕೊಂಡವು. ಕಾರು ಕೊನೆಗೊಮ್ಮೆ ನಿಂತಾಗ ಸರೋಜ ಸೆರಗು ಸರಿಮಾಡಿಕೊಂಡು ಇಳಿದಳು.

"ಈ ಗಾಡಿಗೆ ನಿಲ್ಲೋದು ಬಂದ್ಮೇಲೆ ಹೇಳಿ, ಹತ್ತೀನಿ" ಎಂದವಳೇ ರಾಮನಗರದ ಬಸ್ಸಿಗೆ ಕೈ ಅಡ್ಡಹಾಕಿದಳು.

ಅಂದಿನಿಂದ ಒಂದೇ ಮದುವೆಗೆ ಅವಳು ಬಸ್ಸಿನಲ್ಲಿ, ನಾನು ಅದೇ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತಾ ಕಾರಿನಲ್ಲಿ ಹೋಗುವಂತಾಯಿತು. ಛತ್ರದ ಬಾಗಿಲಲ್ಲಿ ನೆಂಟರು ನಮ್ಮಿಬ್ಬರ ನಡುವೆ ಏನಾಗಿದೆಯೆಂದು ಕಣ್ಣಲ್ಲೇ ವಿಚಾರಿಸತೊಡಗಿದರು. ಹಾಸ್ಯಕ್ಕೆ ಹೇಳುತ್ತಿಲ್ಲ, ಆ ಖಾಲಿ ಸೀಟು ನನ್ನನ್ನು ನಿಜವಾಗಿ ನೋಯಿಸಿತು. ಪಕ್ಕದಲ್ಲಿ ಹೆದರಿಕೊಂಡಾದರೂ ಒಬ್ಬರು ಕೂತಿರಬೇಕು. ಇಲ್ಲದಿದ್ದರೆ ಕಾರು ಓಡಿಸುವುದರಲ್ಲಿ ಸುಖವೇ ಇಲ್ಲ.

ಆದ್ದರಿಂದ ಕಾರಿನ ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಗಂಡಸರು ಕೈಹಾಕುವ ಜೀರ್ಣೋದ್ಧಾರಗಳ ಕ್ರಮವೇ ವಿಚಿತ್ರ. ಮೊದಲು ಕೆನೆಬಣ್ಣ ಹೊಡೆಸಿದೆ. ಬಂಪರಿಗೆ ಹೊಳಪು, ಸೀಟಿಗೆ ಹೊಸ ಹೊದಿಕೆ, ಗೇರಿನ ತುದಿಗೆ ಚನ್ನಪಟ್ಟಣದಲ್ಲಿ ಕಡೆಸಿದ ಕೆಂಪು ಹಳದಿ ಅರಗಿನ ಗುಂಡು. ಹಾರ್ನು ಕೂಡ ಬದಲಾಯಿತು, ನಿಲ್ಲಲಾಗದವನು ಕೂಗಲಾದರೂ ಬೇಕಲ್ಲ! ಬ್ರೇಕಿನ ಸರದಿ ಕೊನೆಗೆ ಬಂತು, ಏಕೆಂದರೆ ಅದು ಫೋಟೋದಲ್ಲಿ ಕಾಣುವುದಿಲ್ಲ.

ಮುಂದಿನೆರಡು ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸುವ ಸಂಗತಿಯನ್ನು ನಮ್ಮ ಹಳೆ ಕಾರು ಪ್ರೇಮಿಗಳ ವಾಟ್ಸಾಪ್ ಬಳಗದಲ್ಲಿ ತಿಳಿಸಿದ್ದೇ ತಡ, ಶೋಕಾಚರಣೆ ಆರಂಭವಾಯಿತು. ಮೂಲಸ್ವರೂಪಕ್ಕೆ ಧಕ್ಕೆ ಎಂದರು, ಪರಂಪರೆಗೆ ದ್ರೋಹ ಎಂದರು. ಎಲ್ಲರಿಗಿಂತ ಹೆಚ್ಚು ನೊಂದವರು ಬಳಗದ ಅಧ್ಯಕ್ಷರು. ಅವರ ಕಾರು ಶೆಡ್ಡಿನಲ್ಲಿ ಹೊದ್ದು ಮಲಗಿರುತ್ತದೆ. ಪ್ರದರ್ಶನದ ದಿನ ಸದಸ್ಯರೆಲ್ಲ ಸೇರಿ ಅದನ್ನು ಲಾರಿಗೆ ತಳ್ಳುತ್ತೇವೆ. ಓಡದ ಕಾರಿಗೆ ಬ್ರೇಕಿನ ಚಿಂತೆಯಿಲ್ಲ, ಆದಕಾರಣ ಅದರ ಪರಂಪರೆ ಅಕ್ಷತವಾಗಿದೆ.

ನಾನು ಕಾರನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿರುವ ಮೆಕ್ಯಾನಿಕ್ ಅಫ್ಸರನಿಗೊಪ್ಪಿಸಿದೆ. ಆತ ರೇಷ್ಮೆ ಬಿಚ್ಚುವ ಮನೆತನದವನು, ಮಾತನ್ನೂ ಎಳೆ ಕಡಿಯದಂತೆ ಬಿಚ್ಚುತ್ತಾನೆ. ಯಾವುದೋ ಹೊಸ ಕಾರಿನ ಡಿಸ್ಕು ತಂದು, ಇದಕ್ಕೆ ಕೂರದಿದ್ದಾಗ ಇದರದೇ ತಪ್ಪೆಂದು ಗದರಿ, ಮೂರು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿ, ಕಡೆಗೆ ಚಕ್ರಕ್ಕೆ ನಿಂಬೆಹಣ್ಣಿಟ್ಟು ಘೋಷಿಸಿದ: "ಸಾರ್, ಇನ್ಮೇಲೆ ನೀವು ಮನಸ್ಸಲ್ಲಿ ನಿಲ್ಸಬೇಕು ಅಂದ್ಕೊಂಡ್ರೆ ಸಾಕು, ಗಾಡಿ ನಿಂತ್ಬುಟ್ಟಿರ್ತೈತೆ!"

ನಿಜಕ್ಕೂ ನಿಲ್ಲುತ್ತಿತ್ತು. ಇಲ್ಲಿಂದಲೇ ನನ್ನ ಅಧಃಪತನ ಶುರುವಾದದ್ದು. ಬ್ರೇಕಿಲ್ಲದಿದ್ದಾಗ ನಾನು ಭಯಸ್ಥ, ಭಯವಿದ್ದುದರಿಂದ ನಿಧಾನಸ್ಥ, ನಿಧಾನವನ್ನು ಕಂಡವರು ಸಭ್ಯಸ್ಥನೆಂದೂ ಕರೆಯುತ್ತಿದ್ದರು. ನಿಲ್ಲುವ ಶಕ್ತಿ ಬಂದದ್ದೇ ಓಡುವ ಚಪಲ ಬಂತು. ಮೈಸೂರು ರಸ್ತೆಯಲ್ಲಿ ಲಾರಿಗಳನ್ನು ಹಿಂದಿಕ್ಕಿ, ಅವುಗಳೆದುರು ಥಟ್ಟನೆ ನಿಂತು, ಬೈಗುಳಗಳನ್ನು ಪ್ರಶಸ್ತಿಗಳೆಂದು ಸ್ವೀಕರಿಸುತ್ತಿದ್ದೆ.

ಮರಳವಾಡಿಯ ತನ್ನ ಅಕ್ಕನ ಮನೆಗೆ ಹೊರಟ ದಿನ ಸರೋಜ ಕಡೆಗೂ ಹತ್ತಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕನಕಪುರ ದಾಟಿದ ಮೇಲೆ ರಸ್ತೆಯ ಉದ್ದಕ್ಕೂ ಹುರುಳಿಬಳ್ಳಿ ಹರವಿದ್ದರು. ನಮ್ಮ ಕಡೆ ಒಕ್ಕಣೆಯ ಕಾಲದಲ್ಲಿ ಹಾದುಹೋಗುವ ವಾಹನಗಳೆಲ್ಲ ಸಂಬಳವಿಲ್ಲದ ಎತ್ತುಗಳು. ಚಕ್ರ ತುಳಿದಷ್ಟೂ ಕಾಳು ಉದುರುತ್ತದೆ. ಹೆಂಡತಿಗೆ ಬ್ರೇಕಿನ ಮಹಿಮೆ ತೋರಿಸಲು ಇದಕ್ಕಿಂತ ಪ್ರಶಸ್ತವಾದ ರಂಗಸ್ಥಳ ಎಲ್ಲಿದೆ?

"ಬ್ಯಾಡ ಕಣ್ರೀ, ಹುರುಳಿ ಮೇಲೆ ಬ್ರೇಕ್ ಹಾಕ್ಬ್ಯಾಡಿ" ಎಂದಳು ಸರೋಜ. ಅಷ್ಟರಲ್ಲಿ ಹಾಕಿಯಾಗಿತ್ತು.

ಚಕ್ರಗಳು ಅಫ್ಸರನ ಮಾತು ಉಳಿಸಿ ತಕ್ಷಣ ನಿಂತವು. ಕಾರು ಮಾತ್ರ ನಿಲ್ಲಲಿಲ್ಲ. ದುಂಡುಕಾಳುಗಳ ಮೇಲೆ ಸದ್ದಿಲ್ಲದೆ, ಒಂದು ಬಗೆಯ ಘನತೆಯಿಂದ ಜಾರಿ, ಪಕ್ಕದ ಹೊಟ್ಟಿನ ರಾಶಿಯೊಳಗೆ ಕುತ್ತಿಗೆಯವರೆಗೂ ಪ್ರವೇಶಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಮೊರ ಹಿಡಿದ ಹೆಂಗಸೊಬ್ಬಳು ಓಡಿಬಂದಳು.

"ಯಾಕ್ ಸ್ವಾಮಿ ಬ್ರೇಕ್ ಹಾಕ್ಬುಟ್ರಿ? ಬಸ್ಸು ಲಾರಿ ಎಲ್ಲಾ ಸುಮ್ಕೆ ತುಳ್ಕೊಂಡ್ ಹೋಯ್ತಾ ಅವೆ. ನೀವೂ ಹಂಗೇ ಹೋಗಿದ್ರೆ ಒಸಿ ಕಾಳಾದ್ರೂ ಉದುರ್ತಿತ್ತಲ್ಲ!"

ಸರೋಜ ಇಳಿದಳು. ಬಸ್ಸು ಹುಡುಕುತ್ತಾಳೆಂದುಕೊಂಡೆ. ಅವಳು ಕಾರನ್ನು ಸುತ್ತಿ ಬಂದು ನನ್ನ ಬಾಗಿಲು ತೆರೆದಳು.

"ಗಾಡಿ ಬ್ರೇಕ್ ರಿಪೇರಿ ಆಯ್ತಲ್ಲ. ಇನ್ನೇನ್ ನೆಪ ಐತೆ? ಆ ಕಡೆ ಸರೀರಿ."

ನೆಪ ಉಳಿದಿರಲಿಲ್ಲ. ನಾನೇ ಖರ್ಚು ಮಾಡಿ ಅದನ್ನು ತೆಗೆಸಿಹಾಕಿದ್ದೆ. ಸರಿದೆ. ಅವಳು ಕಾರನ್ನು ಹಿಂದಕ್ಕೆ ತೆಗೆದು, ಮಿಕ್ಕ ಹುರುಳಿಯ ಮೇಲೆ ಬ್ರೇಕಿನ ಗೊಡವೆಗೇ ಹೋಗದೆ ಹದವಾಗಿ ನಡೆಸಿಕೊಂಡು ಹೋದಳು. ಹಿಂದೆ ಆ ಹೆಂಗಸು ಮೊರವೆತ್ತಿ ಹರಸುವುದು ಕನ್ನಡಿಯಲ್ಲಿ ಕಂಡಿತು. ನನಗೆ ಅದನ್ನು ಪೂರ್ತಿ ನೋಡಲಾಗಲಿಲ್ಲ. ಮುಂದಿನ ತಿರುವಿನಲ್ಲಿ ಟ್ರ್ಯಾಕ್ಟರೊಂದು ಬರುತ್ತಿತ್ತು, ಅವಳು ಅದನ್ನು ನೋಡಿದ್ದಾಳೋ ಇಲ್ಲವೋ ತಿಳಿಯದೆ ನನ್ನ ಬಲಗಾಲು ಮ್ಯಾಟಿನ ತೂತನ್ನು ತಾನೇ ಹುಡುಕಿಕೊಂಡಿತ್ತು.

ಈಗಲೂ ಅವಳೇ ಓಡಿಸುವುದು, ನಾನು ಪಕ್ಕದಲ್ಲಿ ಕೂರುವುದು. ತೂತು ಅವಳ ಪಾದದ ಅಳತೆಯದು, ನನಗೆ ಮೊದಮೊದಲು ಕೊಂಚ ಬಿಗಿಯಾಗಿತ್ತು. ದಿನೇ ದಿನೇ ದೊಡ್ಡದಾಗುತ್ತಿದೆ.