ಬಸ್ಸಿನಲ್ಲಿ ಕೂಗದ ಮೇಕೆ

ವಾರದಲ್ಲಿ ಎರಡು ದಿನ ನಾನು ಚಿಂತಾಮಣಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಅರ್ಥಶಾಸ್ತ್ರವನ್ನು ಮೊಬೈಲಿಗೆ ಪಾಠ ಮಾಡುತ್ತಿದ್ದೆ. ಉಳಿದ ದಿನ ತರಗತಿಯಲ್ಲಿ. ಅಲ್ಲಿ ಹುಡುಗರ ಆಕಳಿಕೆಯಾದರೂ ಕಾಣುತ್ತಿತ್ತು. ಮೊಬೈಲಿನಲ್ಲಿ ಬರೀ ಕಪ್ಪು ಚೌಕಗಳು, ಒಳಗೆ ಒಂದೊಂದು ಹೆಸರು. ಕೊನೆಯಲ್ಲಿ "ಏನಾದ್ರೂ ಪ್ರಶ್ನೆ ಇದೆಯೇನಪ್ಪ?" ಎಂದು ಕೇಳಿ ಕಾಯುತ್ತಿದ್ದೆ. ಯಾರೂ ಉಸಿರೆತ್ತುತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆ ಬಂದರೆ ಇನ್ನೊಂದು ವರ್ಷ ಹೇಗೋ ಎಳೆಯುತ್ತೇನೆ, ಇಲ್ಲದಿದ್ದರೆ ಈ ಕೆಲಸವೇ ಬೇಡ ಎಂದು ನಿರ್ಧರಿಸಿದ್ದೆ. ಅಷ್ಟು ಸಾಕಾಗಿತ್ತು.

ಆಗಲೇ ಅಧ್ಯಾಪಕರಿಗೆಲ್ಲ ಆನ್‌ಲೈನ್ ತರಬೇತಿ ಬಂತು: ಪಾಠದಲ್ಲಿ ಆಟ ತರುವುದು ಹೇಗೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಸಂಜೆ ಚಿಕ್ಕಬಳ್ಳಾಪುರದ ಮನೆಗೆ ಹೋಗುವ ಬಸ್ಸಿನಲ್ಲೇ ಅದಕ್ಕೆ ಹಾಜರಾದೆ. ಇಯರ್‌ಫೋನ್ ಕೆಟ್ಟಿತ್ತು. ಶಿಡ್ಲಘಟ್ಟ ಹತ್ತಿರವಾಗುವಾಗ ತರಬೇತುದಾರನ ದನಿ ಅಕ್ಕಪಕ್ಕದ ಸೀಟಿಗೆಲ್ಲ ಕೇಳಿಸಿತು. "ಒಬ್ಬೊಬ್ಬರಾಗಿ ಮೈಕ್ ಆನ್ ಮಾಡಿ, ನಿಮಗಿಷ್ಟವಾದ ಪ್ರಾಣಿಯ ಹಾಗೆ ಕೂಗಿ."

ಯಾರೋ ಹಿರಿಯ ಪ್ರಾಧ್ಯಾಪಕರು ಬೊಗಳಿದರು. ಮುಂದಿನ ಸರದಿ ನನ್ನದು. ಮೇಕೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಟೊಮ್ಯಾಟೊ ಚೀಲ ಹಿಡಿದು ಕೂತಿದ್ದ ಅಜ್ಜಿ "ಅನಮ್ಮಾ, ಏಮೌತುಂದಿ" ಎಂದು, ಕೂಗಮ್ಮಾ ಏನಾಗುತ್ತೆ ಎಂದು, ತೆಲುಗಿನಲ್ಲಿ ಧೈರ್ಯ ಹೇಳಿದರು. ನನ್ನಿಂದಾಗಲಿಲ್ಲ. ಫೋನು ಆಫ್ ಮಾಡಿ ಕಿಟಕಿಯ ಕಡೆ ತಿರುಗಿದೆ. ನಾಚಿಕೆಗಿಂತ ಹೆಚ್ಚಾಗಿ ದಣಿವು.

ಮರುದಿನ ಮೊಬೈಲ್ ಪಾಠ. ಬೇಡಿಕೆಯ ನಿಯಮ ಮುಗಿಸಿ, ಅಭ್ಯಾಸಬಲದಿಂದ ಪ್ರಶ್ನೆ ಇದೆಯಾ ಎಂದೆ. ತರಗತಿ ಮುಚ್ಚಬೇಕು ಎನ್ನುವಷ್ಟರಲ್ಲಿ ಒಂದು ಚೌಕದಿಂದ "ಅಂಬಾ" ಎಂದು ಕೇಳಿಸಿತು.

ಮೈಯೆಲ್ಲ ಉರಿಯಿತು. "ಯಾರದು?"

"ನಾನೇ ಮೇಡಂ," ಎಂದಳು ದಿಬ್ಬೂರಹಳ್ಳಿಯ ಹುಡುಗಿ. ಅವಳ ದನಿ ಕೇಳಿದ್ದು ಅದೇ ಮೊದಲು. "ನಿನ್ನೆ ಬಸ್ಸಲ್ಲಿ ನಿಮ್ ಹಿಂದಿನ ಸೀಟಲ್ಲೇ ಇದ್ದೆ. ನೀವು ಸುಮ್ನಾಗ್ಬಿಟ್ರಲ್ಲ, ಪಾಪ ಅನ್ನಿಸ್ತು. ನಿಮ್ ಸರದಿ ನಾನೇ ಆಡ್ಬಿಡಣ ಅಂತ."

ಕೋಪ ಎಲ್ಲಿಗೆ ಹೋಯಿತೋ. ಕಣ್ಣು ತುಂಬಿತು, ಕ್ಯಾಮೆರಾ ಆಫ್ ಮಾಡಿದೆ. ಅಷ್ಟರಲ್ಲಿ ಇನ್ನೊಂದು ಚೌಕ ಕಾಗೆಯಾಯಿತು, ಮತ್ತೊಂದು ನಾಯಿಯಾಯಿತು. ಯಾರದೋ ಮನೆಯ ನಿಜವಾದ ಕೋಳಿಯೂ ದನಿಗೂಡಿಸಿತು. "ಈಗ ನೀವು ಮೇಡಂ," ಎಂದರು. ಎದ್ದು ಸ್ಟಾಫ್ ರೂಮಿನ ಬಾಗಿಲು ಹಾಕಿ ಬಂದೆ. ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದೆ.

ಆಮೇಲೆ ಹುಡುಗನೊಬ್ಬ ಬಹಳ ಗಂಭೀರವಾಗಿ ಕೇಳಿದ: "ಮೇಡಂ, ಅದು ಮೇಕೆನಾ, ಕುರಿನಾ?"

"ಮೇಕೆ ಕಣಪ್ಪ," ಎಂದೆ.

ಆ ತರಗತಿಯಿಂದ ನನಗೆ ಬಂದ ಮೊದಲ ಪ್ರಶ್ನೆ ಅದು. ಇನ್ನೊಂದು ವರ್ಷ ಎಳೆಯಲೇಬೇಕಾಯಿತು.