ಅಭ್ಯಾಸಕ್ಕೆಂದು ಇದ್ದ ಮನೆ

ತಾಂಜಾನಿಯಾದ ಈ ಹಳ್ಳಿಗೆ ಬಂದ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಮನೆಯ ಮೂರು ಮಕ್ಕಳು ಸಾಲಾಗಿ ಬಂದು, ತಲೆ ತಗ್ಗಿಸಿ, 'ಶಿಕಮೂ' ಎಂದರು. ಬಾಯಿ ತುಂಬ ನೊರೆ ಇಟ್ಟುಕೊಂಡು ಪಿಳಿಪಿಳಿ ನೋಡಿದೆ. ಮಕ್ಕಳು ಕದಲಲಿಲ್ಲ. ಒಳಗಿನಿಂದ ಮನೆಯೊಡತಿ ಹೇಳಿಕೊಟ್ಟ ಮೇಲೆ 'ಮರಹಬಾ' ಎಂದೆ, ಆಗ ಓಡಿಹೋದರು. ಹಿರಿಯರಿಗೆ 'ನಿಮ್ಮ ಕಾಲು ಹಿಡಿಯುತ್ತೇನೆ' ಅನ್ನುವುದು 'ಶಿಕಮೂ' ಮಾತಿನ ಮೂಲವಂತೆ. ಹಿರಿಯರು ಉತ್ತರ ಕೊಡುವ ತನಕ ಕಿರಿಯರು ನಿಂತೇ ಇರಬೇಕು. ನಮ್ಮಲ್ಲಿ ಕಾಲಿಗೆ ಬೀಳುವುದು ಹಬ್ಬಕ್ಕೆ, ಮದುವೆಗೆ. ಇಲ್ಲಿ ದಿನಾ, ಬರೀ ಮಾತಿನಲ್ಲಿ.

ನಾನು ತಳಕಿನವಳು. ಚಳ್ಳಕೆರೆಯಲ್ಲಿ ಎಂಟು ವರ್ಷ ನರ್ಸ್ ಆಗಿದ್ದು, ಒಂದು ವರ್ಷದ ಮಟ್ಟಿಗೆ ಇಲ್ಲಿನ ಆರೋಗ್ಯ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಬಂದಿದ್ದೇನೆ. ಇರುವುದು ಮಾಮಾ ರೆಹೆಮಾ ಮನೆಯ ಕೋಣೆಯೊಂದರಲ್ಲಿ. ಮಾಮಾ ಎಂದರೆ ಇಲ್ಲಿನ ಸ್ವಾಹಿಲಿಯಲ್ಲಿ ಅಮ್ಮ, ರೆಹೆಮಾ ಆಕೆಯ ಹಿರಿಯ ಮಗಳ ಹೆಸರು; ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುತ್ತಾರೆ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ರಾಗಿಮುದ್ದೆಯಂತೆ ಅದನ್ನು ನಾನು ಅಗಿಯದೆ ನುಂಗಿದ್ದು ಕಂಡು ಮನೆಮಂದಿಯೆಲ್ಲ ಗಾಬರಿಯಾಗಿ ನೀರು ತಂದರು. ಇದೆಲ್ಲ ಬೇಗ ರೂಢಿಯಾಯಿತು. ಬೇರೆಯವರ ಮನೆಯಲ್ಲಿ ಬದುಕುವುದನ್ನು ನಾನು ಮೊದಲೇ ಕಲಿತು ಬಂದಿದ್ದೆ. ಯಾರ ಮನೆಯಲ್ಲಿ ಕಲಿತೆ ಎಂದು ಹೇಳಬೇಕು.

ನಮ್ಮನ್ನು ಕಳಿಸುವ ಸಂಸ್ಥೆಯವರು ಹೊರಡುವ ಮುನ್ನ ಹನ್ನೆರಡು ದಿನದ ಅಭ್ಯಾಸ ಇಟ್ಟಿದ್ದರು. ಭಾಷೆ ಸರಿಯಾಗಿ ಬಾರದ ಮನೆಯಲ್ಲಿ ಇರಬೇಕು, ಕೊಟ್ಟದ್ದನ್ನು ಉಣ್ಣಬೇಕು, ಕೊನೆಗೆ ವರದಿ ಬರೆಯಬೇಕು. ನನಗೆ ಸಿಕ್ಕಿದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿ ಬೆಟ್ಟದ ಆಚೆ ಬದಿ, ತೆಲುಗು ಮಾತಿನ ಓಬಮ್ಮನ ಮನೆ. ಅರವತ್ತು ದಾಟಿದ ಹೆಂಗಸು. ಮಗ ಲಾರಿ ಓಡಿಸುತ್ತಾ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಸೊಸೆ ರತ್ನ ಕನ್ನಡದ ಕಡೆಯವಳು.

'ದಾ ಬಿಡ್ಡಾ' ಎಂದು ಓಬಮ್ಮ ನನ್ನನ್ನು ಒಳಗೆ ಕರೆದರು. ಬಾ ಮಗಳೇ, ಅಂತ. ನಾನು ತಂದಿದ್ದ ಹೊದಿಕೆಯನ್ನು ಕಿತ್ತು ಅತ್ತ ಇಟ್ಟು ತಮ್ಮ ಕಂಬಳಿ ಹಾಸಿದರು. ಎರಡನೇ ದಿನ ಕೇಳದೆಯೇ ತಲೆಗೆ ಎಣ್ಣೆ ಒತ್ತಿದರು. ಮೂರನೇ ದಿನ ಮತ್ತೆ ಎಣ್ಣೆ ಒತ್ತುತ್ತಾ, ಮೂವತ್ತಮೂರಾದರೂ ಮದುವೆ ಯಾಕಿಲ್ಲ ಎಂದು ಕೇಳಿದರು.

'ಗೊತ್ತಾದ ಸಂಬಂಧ ಮುರಿದುಬಿತ್ತು' ಅಂದೆ.

ಅವರು ಎಣ್ಣೆ ಕೈ ನಿಲ್ಲಿಸದೆ, ತಮಗೆ ಬರುವ ಕನ್ನಡದಲ್ಲಿ, 'ಬಿಡು. ಅವ್ನಿಗೆ ಕಣ್ಣಿಲ್ಲ' ಅಂದರು. ನನಗೆ ಅದನ್ನು ಅಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಓಬಮ್ಮನ ಹಿಮ್ಮಡಿಯಲ್ಲಿ ಎರಡು ತಿಂಗಳಿಂದ ಮಾಯದ ಹುಣ್ಣು ಇತ್ತು. ದಿನಾ ಬೆಳಿಗ್ಗೆ ತೊಳೆದು ಪಟ್ಟಿ ಕಟ್ಟಿದೆ. ಕಡಿಮೆಯಾಗತೊಡಗಿತು. ಹೊರಡುವ ದಿನ ಹೇಳಿದೆ: 'ಮುಂದಿನ ವಾರ ಬಂದು ನಿಮ್ಮನ್ನ ಚಳ್ಳಕೆರೆಗೆ ಕರ್ಕೊಂಡು ಹೋಗ್ತೀನಿ. ಸಕ್ಕರೆ ಕಾಯಿಲೆ ಐತಾ ಅಂತ ನೋಡಿಸ್ಬೇಕು.'

'ನಾನೇ ಕರ್ಕೊಂಡು ಹೋಗ್ಲಾ ಅಕ್ಕಾ?' ಎಂದಳು ರತ್ನ.

'ಬ್ಯಾಡ' ಅಂದರು ಓಬಮ್ಮ. 'ಬಿಡ್ಡ ಬರ್ತಾಳೆ. ಅವಳ ಜೊತೆನೇ ಹೋಗ್ತೀನಿ.'

ನಾನು ನಕ್ಕು, ಹೂಂ ಎಂದೆ.

ಮುಂದಿನ ವಾರ ವೀಸಾ ಬಂತು. ಆಮೇಲೆ ಲಸಿಕೆ, ಟಿಕೆಟ್, ಬಟ್ಟೆಬರೆ, ನೆಂಟರ ಮನೆ ಊಟ. ಒಮ್ಮೆ ಫೋನ್ ಮಾಡಿ 'ಇನ್ನೊಂದು ವಾರ' ಅಂದೆ. ತಳಕಿನಿಂದ ಅವರ ಮನೆಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಆದರೂ ಹೋಗಲಿಲ್ಲ. ವಿಮಾನದಲ್ಲಿ ಕೂತ ಮೇಲೆ ನೆನಪಾಯಿತು. ರತ್ನ ಇದ್ದಾಳಲ್ಲ, ಕರೆದುಕೊಂಡು ಹೋಗಿರುತ್ತಾಳೆ ಅಂದುಕೊಂಡೆ. ವರದಿಯಲ್ಲಿ ನಾನು ಬರೆದಿದ್ದು ಇಷ್ಟು: 'ಮನೆಯೊಡತಿ ಅಕ್ಕರೆಯವರು. ಬೇರೆಯವರ ಸ್ವಂತ ವಿಷಯಗಳಲ್ಲಿ ಸ್ವಲ್ಪ ಹೆಚ್ಚು ತಲೆಹಾಕುತ್ತಾರೆ.'

ಇಲ್ಲಿಗೆ ಬಂದ ಐದನೇ ತಿಂಗಳು, ಒಂದು ಮಧ್ಯಾಹ್ನ ಮಾಮಾ ರೆಹೆಮಾ ಜೊತೆ ಶೇಂಗಾ ಸುಲಿಯುತ್ತಾ ಕೂತಿದ್ದಾಗ ರತ್ನಳ ಫೋನ್ ಬಂತು.

'ಅತ್ತೆ ಹೋಗ್ಬಿಟ್ರು ಅಕ್ಕಾ. ಮೊನ್ನೆ.'

ಕಾಲು ಕಪ್ಪಗಾಗಿತ್ತಂತೆ. ಮೊಣಕಾಲ ಮೇಲಕ್ಕೆ ಕತ್ತರಿಸಿದರೂ ನಂಜು ಅಷ್ಟರಲ್ಲಾಗಲೇ ಮೈಗೆಲ್ಲ ಏರಿತ್ತಂತೆ.

'ಆಸ್ಪತ್ರೆಗೆ ಎಷ್ಟು ಸಲ ಕರೆದೆ ಅಕ್ಕಾ. ಬಿಡ್ಡ ಬರ್ತೀನಿ ಅಂದವ್ಳೆ ಅಂತ ಕುಂತ್ರು. ಅವ್ರು ಪರದೇಶಕ್ಕೆ ಹೋದ್ರು ಅಂತ ಹೇಳ್ದೆ. ನಂಬ್ಲಿಲ್ಲ. ನಂಗೆ ಹೇಳ್ದೆ ಹೋಗಲ್ಲ ಅವ್ಳು, ಅಂದ್ರು.'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮಾಮಾ ರೆಹೆಮಾ ಮೊರ ಪಕ್ಕಕ್ಕಿಟ್ಟು, 'ಪೋಲೆ' ಅಂದಳು. ಎಡವಿ ಬಿದ್ದವರಿಗೂ, ದಣಿದು ಬಂದವರಿಗೂ, ಸತ್ತವರ ಮನೆಯವರಿಗೂ ಇಲ್ಲಿ ಇದೇ ಮಾತು. ನಿನ್ನ ಕಷ್ಟ ನನಗೂ ತಾಗಿತು ಎಂಬಂತೆ. ಯಾರು ಹೋದರು ಎಂದು ಕೇಳಿದಳು.

'ಮಾಮಾ' ಅಂದೆ. ಅಮ್ಮ.

'ನಿನ್ನ ಅಮ್ಮನ ಜೊತೆ ಭಾನುವಾರ ಮಾತಾಡಿದೆಯಲ್ಲ?'

'ಇವರು ಬೇರೆ. ಅವರ ಮನೆಯಲ್ಲಿ ಹನ್ನೆರಡು ದಿನ ಇದ್ದೆ.'

ಸಂಜೆಯೊಳಗೆ ಅಕ್ಕಪಕ್ಕದ ಹೆಂಗಸರು ಚಾಪೆ ಹಾಸಿಕೊಂಡು ನನ್ನ ಸುತ್ತ ಕೂತರು. ಹಿಟ್ಟು ತಂದರು, ಚಹಾ ಕಾಯಿಸಿದರು. ಕಂಡಿರದ ಓಬಮ್ಮನಿಗಾಗಿ ಮೂರು ದಿನ ಹಾಗೆ ಬಂದು ಹೋದರು. ಊರಲ್ಲಿ ಆ ಮನೆಯ ಮುಂದೆ ಹೋಗಿ ಕೂರಬೇಕಾದವಳು ನಾನು; ಇಲ್ಲಿ ನನಗೇ ಸಮಾಧಾನ ಹೇಳುತ್ತಿದ್ದರು. ಮೂರನೇ ದಿನ ತಡೆಯಲಾಗದೆ, ಹರುಕುಮುರುಕು ಸ್ವಾಹಿಲಿಯಲ್ಲಿ ಮಾಮಾ ರೆಹೆಮಾಗೆ ಎಲ್ಲ ಹೇಳಿದೆ. ನಿನ್ನ ತಪ್ಪಲ್ಲ ಎಂದು ಆಕೆ ಅನ್ನಲಿಲ್ಲ.

'ಸೊಸೆಗೆ ಹೇಳಿದೆಯಾ?'

'ಇಲ್ಲ.'

'ಮೊದಲು ಅವಳಿಗೆ ಹೇಳು.'

ಫೋನ್ ಮಾಡಿದೆ. 'ರತ್ನಾ, ನಾನು ಬರ್ಬಹುದಿತ್ತು. ಟೈಮ್ ಇತ್ತು. ಬರ್ಲಿಲ್ಲ' ಅಂದೆ.

ಅವಳು 'ಗೊತ್ತಕ್ಕಾ' ಅಂದಳು. ಫೋನ್ ಇಡುವ ಮುಂಚೆ, 'ಊರಿಗೆ ಬಂದಾಗ ಬರ್ರಿ' ಎಂದು ಸೇರಿಸಿದಳು. ಯಾವಾಗ ಎಂದು ಕೇಳಲಿಲ್ಲ.

ಇನ್ನು ಏಳು ತಿಂಗಳಿದೆ. ವಾಪಸ್ಸಾದಾಗ ನೆಟ್ಟಗೆ ಮನೆಗೇ ಬಾ ಎನ್ನುತ್ತಾಳೆ ಅವ್ವ. ನಾನು ಮೊದಲು ಬ್ರಹ್ಮಗಿರಿಯ ಆಚೆಗೆ ಹೋಗಬೇಕು ಅಂದರೆ, ಅಲ್ಲಿ ನಿನಗ್ಯಾರಿದ್ದಾರೆ ಅನ್ನುತ್ತಾಳೆ. ಇಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮಾಮಾ ರೆಹೆಮಾ, ಸಂಜೆ ಎಷ್ಟೊತ್ತಿಗೆ ಬರುತ್ತೀ ಎಂದು ಕೇಳುತ್ತಾಳೆ. ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಡುತ್ತೇನೆ. ಕೊನೆಗೆ ಊರಿಗೆ ಹೊರಡುವ ದಿನವೂ ಆಕೆ ಹಾಗೇ ಕೇಳುತ್ತಾಳೆ, ಮತ್ತೆ ಯಾವಾಗ ಬರುತ್ತೀ ಅಂತ. ಆಗ ಓಬಮ್ಮನಿಗೆ ಕೊಟ್ಟಂಥ ಮಾತು ಮಾತ್ರ ಕೊಡುವುದಿಲ್ಲ.